ಎಂಎಸ್‌ಡಬ್ಲ್ಯೂ ಮಾಡಲೇ, ಬಿ.ಎಡ್‌ಗೆ ಹೋಗಲೇ?

ಪ್ರಶ್ನೆ: ಕೊಪ್ಪಳ ಜಿಲ್ಲೆಯವಳು. ಬಿ.ಎ. ಕೊನೆಯ ಸೆಮಿಸ್ಟರ್, ಇತಿಹಾಸ ಮತ್ತು ಸಮಾಜಶಾಸ್ತ್ರ, ಕನ್ನಡ ಮಾಧ್ಯಮ. ಎನ್‌ಎಸ್‌ಎಸ್ ಶಿಬಿರದಲ್ಲಿ ಹಳ್ಳಿಗಳಿಗೆ ಹೋಗಿ ಶಾಲೆ ಬಿಟ್ಟ ಹೆಣ್ಣುಮಕ್ಕಳ ಪಟ್ಟಿ ಮಾಡಿದಾಗಿನಿಂದ ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಮಾಡಬೇಕೆಂಬ ಆಸೆ. ಅಪ್ಪ, ‘ಅದು ಪುಕ್ಕಟೆ ಸೇವಾ, ಬಿ.ಎಡ್ ಮಾಡಿದ್ರ ಮಾಸ್ತರಿಕಿ, ಪೆನ್ಶನ್ ಆದ್ರೂ ಬರ್ತೈತಿ’ ಅನ್ನುತ್ತಾರೆ. ಕಾಕಾ, ‘ಮಾಡೋದಾದ್ರ ಎಚ್‌ಆರ್ ತಗೋ, ಕಂಪನಿ ನೌಕರಿ ಗ್ಯಾರಂಟಿ’ ಅನ್ನುತ್ತಾರೆ. ಎಂಎಸ್‌ಡಬ್ಲ್ಯೂ ಮುಗಿಸಿ ಕೌನ್ಸೆಲಿಂಗ್ ಸೆಂಟರ್ ತೆರೆಯಬಹುದು ಎಂದು ಗೆಳತಿ ಹೇಳುತ್ತಾಳೆ. ಮನೆಯಲ್ಲಿ ನಾಲ್ಕು ಎಕರೆ ಒಣಬೇಸಾಯ, ತಮ್ಮ ಪಿಯುಸಿ. ಓದು ಮುಗಿದ ವರ್ಷವೇ ದುಡಿಯಲೇಬೇಕು. ಇಂಗ್ಲಿಷ್ ಅಷ್ಟಕ್ಕಷ್ಟೆ. ಊರೂರು ತಿರುಗುವ ಕೆಲಸ ಹುಡುಗಿಯರಿಗೆ ಸುರಕ್ಷಿತವೇ? ಎರಡಕ್ಕೂ ಅರ್ಜಿ ಹಾಕಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ‘ಓದು ಮುಗಿದ ವರ್ಷವೇ ದುಡಿಯಲೇಬೇಕು’ ಎಂಬುದು. ಆಸೆ ಇದೆಯೇ ಇಲ್ಲವೇ ಎಂಬ ಪ್ರಶ್ನೆ ಇಲ್ಲಿಲ್ಲ. ಎರಡು ವರ್ಷದ ಓದು ಮುಗಿದ ಮೇಲಿನ ಮೊದಲ ಮೂರು ವರ್ಷ ಮನೆ ನಡೆಯುತ್ತದೆಯೇ ಎಂಬುದು ನಿಮ್ಮ ಚಿಂತೆ. ಆ ಲೆಕ್ಕದಿಂದಲೇ ಶುರು ಮಾಡೋಣ.

ಅಪ್ಪ ಹೇಳಿದ ಹಾಗೆ ಇದು ಪುಕ್ಕಟೆ ಕೆಲಸವಲ್ಲ. ಆದರೆ ಸಂಬಳ ಕಡಿಮೆ ಎಂಬ ಅವರ ಅನುಮಾನದಲ್ಲಿ ಹುರುಳಿದೆ. ಒಂದು ಅಳತೆಗೋಲು ಕೊಡುತ್ತೇನೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕವಿದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿ ಪ್ರಕಾರ ಅಲ್ಲಿನ ಸಮಾಜ ಕಾರ್ಯಕರ್ತರಿಗೂ ಆಪ್ತ ಸಮಾಲೋಚಕರಿಗೂ ತಿಂಗಳಿಗೆ 18,536 ರೂಪಾಯಿ, ರಕ್ಷಣಾಧಿಕಾರಿಗೆ 27,804 ರೂಪಾಯಿ, ಕ್ಷೇತ್ರ ಕಾರ್ಯಕರ್ತರಿಗೆ 10,592 ರೂಪಾಯಿ. ಇವೆಲ್ಲ ಗುತ್ತಿಗೆ ಹುದ್ದೆಗಳು. ಜಿಲ್ಲಾ ಮಟ್ಟದ ಸ್ವಯಂಸೇವಾ ಸಂಸ್ಥೆಗಳಲ್ಲಿ ಹೊಸಬರಿಗೆ ಸಿಗುವುದೂ ಹೆಚ್ಚುಕಡಿಮೆ ಇದೇ ಆಸುಪಾಸು. ಎಂಎಸ್‌ಡಬ್ಲ್ಯೂ ಮುಗಿಸಿದ ಮರುತಿಂಗಳೇ 35 ಸಾವಿರ ಬರುತ್ತದೆ ಎಂದು ಯಾವ ಕಾಲೇಜಿನವರಾದರೂ ಹೇಳಿದರೆ, ಕಳೆದ ವರ್ಷ ಹಾಗೆ ಕೆಲಸ ಸಿಕ್ಕ ಮೂವರ ನಂಬರ್ ಕೇಳಿ.

ಸಂಬಳ ಇಷ್ಟೇ ಏಕೆ ಎಂಬುದಕ್ಕೆ ಕಾರಣಗಳಿವೆ, ತಿಳಿದಿದ್ದರೆ ಕೆಲಸ ಆರಿಸುವಾಗ ಉಪಯೋಗಕ್ಕೆ ಬರುತ್ತದೆ. ಸಂಸ್ಥೆಗಳಿಗೆ ಹಣ ಬರುವುದು ಪ್ರಾಜೆಕ್ಟ್ ಲೆಕ್ಕದಲ್ಲಿ. ಒಂದು ವರ್ಷ, ಮೂರು ವರ್ಷ ಎಂದು ಅವಧಿ ಇರುತ್ತದೆ, ಅದು ಮುಗಿದಾಗ ಹುದ್ದೆಯೂ ಮುಗಿಯುತ್ತದೆ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂದು, ವಿದೇಶಿ ಹಣದಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲು ಶೇ 50ರಿಂದ ಶೇ 20ಕ್ಕೆ ಇಳಿಯಿತು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವುದೂ ನಿಂತಿತು. ದೊಡ್ಡ ಸಂಸ್ಥೆಗಳ ಕೈಯಿಂದ ಹಣ ಪಡೆದು ನಡೆಯುತ್ತಿದ್ದ ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗಳಿಗೆ ಇದು ಜೋರಾಗಿಯೇ ತಟ್ಟಿತು. ಇನ್ನೊಂದು ಕಡೆ, 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಲೇಬೇಕು. ಈ ಹಣದಿಂದ ಹೊಸ ಹುದ್ದೆಗಳು ಹುಟ್ಟಿವೆ, ಬಳ್ಳಾರಿ ಮತ್ತು ಕೊಪ್ಪಳದ ಉಕ್ಕಿನ ಕಾರ್ಖಾನೆಗಳ ಪ್ರದೇಶದಲ್ಲೂ ಇವೆ. ಆದ್ದರಿಂದ ಸಂದರ್ಶನಕ್ಕೆ ಹೋದಾಗ ಸಂಬಳದ ಜೊತೆಗೆ ಇನ್ನೆರಡು ಕೇಳಿ: ಈ ಹುದ್ದೆಗೆ ಹಣ ಕೊಡುವವರು ಯಾರು, ಆ ಒಪ್ಪಂದ ಯಾವ ತಿಂಗಳಿಗೆ ಮುಗಿಯುತ್ತದೆ? ಕೇಳಿದರೆ ಬೇಸರ ಮಾಡಿಕೊಳ್ಳುವ ಸಂಸ್ಥೆಗೆ ಸೇರದಿದ್ದರೂ ನಷ್ಟವಿಲ್ಲ.

ಪೆನ್ಶನ್ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ: 2006ರ ಏಪ್ರಿಲ್‌ನಿಂದ ಈಚೆಗೆ ಸೇರಿದ ರಾಜ್ಯ ಸರ್ಕಾರಿ ನೌಕರರನ್ನು ಎನ್‌ಪಿಎಸ್‌ಗೆ (ನೌಕರರೂ ಸರ್ಕಾರವೂ ಕಂತು ಕಟ್ಟುವ ಪೆನ್ಶನ್ ಯೋಜನೆ) ಸೇರಿಸಲಾಗಿದೆ, ಅಪ್ಪನ ಕಣ್ಣ ಮುಂದಿರುವ ನಿವೃತ್ತ ಮಾಸ್ತರರ ಪೆನ್ಶನ್ ಅದಲ್ಲ.

ಹಾಗೆಂದು ಬಿ.ಎಡ್ ಅನ್ನು ಹಗುರವಾಗಿ ನೋಡಬೇಡಿ. ಅದು ಪರವಾನಗಿಯಂಥ ಪದವಿ. ಬಿ.ಎಡ್ ಇಲ್ಲದೆ ಹೈಸ್ಕೂಲ್ ಶಿಕ್ಷಕರ ಹುದ್ದೆಗೆ ಅರ್ಜಿಯನ್ನೇ ಹಾಕುವಂತಿಲ್ಲ. ಎಂಎಸ್‌ಡಬ್ಲ್ಯೂಗೆ ಅಂಥ ಬೇಲಿ ಬಹುಪಾಲು ಇಲ್ಲ. ವೈದ್ಯರಿಗೆ, ವಕೀಲರಿಗೆ ಇರುವಂತೆ ಸಮಾಜ ಕಾರ್ಯಕ್ಕೆ ಇಡೀ ದೇಶಕ್ಕೆ ಒಂದು ಕಾನೂನುಬದ್ಧ ಪರಿಷತ್ತು ಇಲ್ಲದ ಕಾರಣ, ಅದೇ ಹುದ್ದೆಗೆ ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಗ್ರಾಮೀಣಾಭಿವೃದ್ಧಿ ಓದಿದವರೂ ಬರುತ್ತಾರೆ. ಬಿ.ಎಡ್‌ನ ಅಪಾಯ ಬೇರೆ ಥರದ್ದು. ಸರ್ಕಾರಿ ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ, ನಡೆದಾಗಲೂ ಕೋರ್ಟು, ತಡೆಯಾಜ್ಞೆ ಎಂದು ಎಳೆಯುತ್ತದೆ. ಮಧ್ಯದ ವರ್ಷಗಳಲ್ಲಿ ಖಾಸಗಿ ಶಾಲೆಯ ಸಂಬಳವೋ ಅತಿಥಿ ಶಿಕ್ಷಕರ ಗೌರವಧನವೋ ಗತಿ. ತರಗತಿಯಲ್ಲಿ ನಿಂತು ಪಾಠ ಹೇಳುವುದು ನಿಜಕ್ಕೂ ಇಷ್ಟವಿದ್ದರೆ ಮಾತ್ರ ಆ ಕಾಯುವಿಕೆಯನ್ನು ತಾಳಬಹುದು. ನಿಮ್ಮ ಪತ್ರದಲ್ಲಿ ಪಾಠ ಹೇಳುವ ಆಸೆಯ ಒಂದು ಸಾಲೂ ಕಾಣಲಿಲ್ಲ.

ಇನ್ನು ಕಾಕಾ ಹೇಳಿದ ಎಚ್‌ಆರ್, ಅಂದರೆ ಎಂಎಸ್‌ಡಬ್ಲ್ಯೂನಲ್ಲೇ ಆರಿಸಿಕೊಳ್ಳಬಹುದಾದ ಸಿಬ್ಬಂದಿ ನಿರ್ವಹಣೆಯ ವಿಷಯ. ‘ಗ್ಯಾರಂಟಿ’ ಎಂಬುದು ತಪ್ಪು, ಆದರೆ ಅವರ ಮಾತಿಗೆ ಕಾನೂನಿನ ಆಧಾರವೊಂದಿದೆ. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ 500 ಅಥವಾ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆ ವೆಲ್ಫೇರ್ ಆಫೀಸರ್ (ಕಾರ್ಮಿಕರ ಕ್ಷೇಮ ನೋಡಿಕೊಳ್ಳುವ ಅಧಿಕಾರಿ) ಇಟ್ಟುಕೊಳ್ಳಲೇಬೇಕಿತ್ತು. ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿದೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಸಾಲಿನಲ್ಲಿ ಕೂರುವವರು ಬಹುಪಾಲು ಹೆಂಗಸರು, ಅವರ ಜೊತೆ ಕನ್ನಡದಲ್ಲಿ ಮಾತಾಡಬಲ್ಲ ಹೆಣ್ಣುಮಗಳಿಗೆ ಅಲ್ಲಿ ಬೇಡಿಕೆ ಇದೆ. ಆದರೆ ‘ಕಂಪನಿ ನೌಕರಿ’ ಎಂದಾಗ ಕಾಕಾನ ಮನಸ್ಸಿನಲ್ಲಿ ಎಸಿ ಕೋಣೆ, ಲ್ಯಾಪ್‌ಟಾಪ್ ಇರಬಹುದು. ಮೊದಲ ಎರಡು ವರ್ಷ ನಿಮ್ಮ ಪಾಲಿಗೆ ಬರುವುದು ಟೈಮ್ ಆಫೀಸು: ಹಾಜರಿ, ಓವರ್‌ಟೈಮ್ ಲೆಕ್ಕ, ಗುತ್ತಿಗೆದಾರರ ಕಾರ್ಮಿಕರ ಪಟ್ಟಿ, ಪಿಎಫ್ ಮತ್ತು ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಂತು, ಕ್ಯಾಂಟೀನ್ ದೂರು, ಶಿಶುವಿಹಾರ. ಇಎಸ್‌ಐಗೆ ಕಾರ್ಮಿಕರಿಂದ ಶೇ 0.75, ಮಾಲೀಕರಿಂದ ಶೇ 3.25 ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತಿರಬೇಕು. ಐಟಿ ಕಂಪನಿಗಳ ಎಚ್‌ಆರ್‌ಗೆ ಎಂಬಿಎ ಮಾಡಿದವರೊಂದಿಗೆ ಪೈಪೋಟಿ, ಅಲ್ಲಿ ಇಂಗ್ಲಿಷ್ ಮಾತು ಮೊದಲ ಜರಡಿ. ಇನ್ನೊಂದು ತೊಡಕು: ವೆಲ್ಫೇರ್ ಆಫೀಸರ್‌ಗೆ ಸಂಬಳ ಕೊಡುವುದು ಆಡಳಿತ, ಅಹವಾಲು ತರುವುದು ಕಾರ್ಮಿಕರು. ಈ ಎಳೆದಾಟ ಕೆಲವರಿಗೆ ಒಗ್ಗುತ್ತದೆ, ಕೆಲವರು ವರ್ಷದೊಳಗೆ ಬಿಟ್ಟು ಬರುತ್ತಾರೆ. ಶಾಲೆ ಬಿಟ್ಟ ಹೆಣ್ಣುಮಕ್ಕಳ ಪಟ್ಟಿ ಮಾಡಿ ಈ ದಾರಿಗೆ ಮನಸ್ಸು ಮಾಡಿದವರಿಗೆ ಬರೀ ಸಂಬಳಕ್ಕಾಗಿ ಎಚ್‌ಆರ್ ತೆಗೆದುಕೊಳ್ಳಿ ಎಂದು ನಾನು ಹೇಳುವುದಿಲ್ಲ.

ಗೆಳತಿಯ ಸಲಹೆಯಲ್ಲಿ ಅಪಾಯ ಹೆಚ್ಚು. ಎಂಎಸ್‌ಡಬ್ಲ್ಯೂ ಮುಗಿಸಿ ಬೋರ್ಡ್ ಹಾಕಿ ಮಾನಸಿಕ ಕಾಯಿಲೆಯವರನ್ನು ನೋಡುವುದು ಸಲ್ಲದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ (ಮಾನಸಿಕ ರೋಗಿಗಳ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತರು) ಅನ್ನಿಸಿಕೊಳ್ಳಲು ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿಯ ಜೊತೆಗೆ, ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿ ಇರುವ ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಬೇಕು. ಈ ಕೋರ್ಸ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ನಿಮಗೆ ಹತ್ತಿರದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲೂ ನಡೆದಿದೆ. ಪ್ರವೇಶ ಪರೀಕ್ಷೆ ಇದೆ, ಸೀಟು ಬೆರಳೆಣಿಕೆ. ಒಂದು ಎಚ್ಚರಿಕೆ: ಎಂಫಿಲ್ ಪದವಿಯನ್ನೇ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೈಬಿಟ್ಟಿದೆ. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ 2025-26ರವರೆಗೆ ವಿನಾಯಿತಿ ಕೊಟ್ಟಿತ್ತು. ನೀವು ಎಂಎಸ್‌ಡಬ್ಲ್ಯೂ ಮುಗಿಸುವ ಹೊತ್ತಿಗೆ ಈ ತರಬೇತಿ ಯಾವ ಹೆಸರಿನಲ್ಲಿ ನಡೆಯುತ್ತಿದೆ, ಆ ಪದವಿಗೆ ಕಾಯ್ದೆಯಡಿ ನೋಂದಣಿ ಸಿಗುತ್ತದೆಯೇ ಎಂಬುದನ್ನು ಆ ಸಂಸ್ಥೆಯ ಅಧಿಸೂಚನೆಯಲ್ಲೇ ಓದಿ ಖಚಿತಪಡಿಸಿಕೊಳ್ಳಬೇಕು. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಎರಡೂ ಇವೆ. ಅಂದರೆ ಈ ವೃತ್ತಿಯಲ್ಲಿ ನೋಂದಣಿಯ ಬೇಲಿ ಮೊದಲು ಏಳುವುದು ಆಸ್ಪತ್ರೆಯ ಕಡೆಯಿಂದ. ಬೇಲಿಯೊಳಗೆ ಇರುವವರಿಗೆ ಅದು ಲಾಭವೇ.

ಆಸ್ಪತ್ರೆಯ ಕೆಲಸವನ್ನು ಹೊರಗಿನವರು ಸಾಮಾನ್ಯವಾಗಿ ಮರೆತೇಬಿಡುತ್ತಾರೆ. ಜಿಲ್ಲೆಗೊಂದು ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿರುತ್ತದೆ, ಅದರಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಹುದ್ದೆ ಇದೆ. ಈ ಕಾರ್ಯಕ್ರಮಕ್ಕೆ ದೇಶದಲ್ಲಿ ಮಾದರಿಯಾದದ್ದು ನಿಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ ಪ್ರಯೋಗ. ಅಂಗಾಂಗ ಕಸಿ ಮಾಡುವ ಆಸ್ಪತ್ರೆ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಇಟ್ಟುಕೊಳ್ಳಲೇಬೇಕು. 2014ರ ನಿಯಮಗಳಲ್ಲಿ ಆ ಹುದ್ದೆಗೆ ಹೇಳಿರುವ ಅರ್ಹತೆಗಳಲ್ಲಿ ಸಮಾಜ ಕಾರ್ಯದ ಸ್ನಾತಕೋತ್ತರ ಪದವಿಗೂ ಆದ್ಯತೆ ಇದೆ. ಇನ್ನು ಎಚ್‌ಐವಿ ಪರೀಕ್ಷಾ ಕೇಂದ್ರದ ಆಪ್ತ ಸಮಾಲೋಚಕರು, ಕ್ಯಾನ್ಸರ್ ಮತ್ತು ಡಯಾಲಿಸಿಸ್ ರೋಗಿಗಳಿಗೆ ಯೋಜನೆಗಳ ಹಣ ಹೊಂದಿಸಿಕೊಡುವವರು ಇದ್ದಾರೆ. ಇವುಗಳಲ್ಲೂ ಗುತ್ತಿಗೆ ಹುದ್ದೆಗಳೇ ಹೆಚ್ಚು. ಆದರೆ ರೋಗಿಗಳು ಇರುವವರೆಗೂ ಕೆಲಸ ಇರುತ್ತದೆ, ಪ್ರಾಜೆಕ್ಟ್ ಮುಗಿಯಿತೆಂದು ವಾರ್ಡ್ ಮುಚ್ಚುವುದಿಲ್ಲ.

ನಿಮ್ಮ ಮನಸ್ಸು ಇರುವುದು ಮಕ್ಕಳ ಕಡೆ ಎಂದು ನನ್ನ ಊಹೆ. ಆ ಕೆಲಸ ದಿನದ ಲೆಕ್ಕದಲ್ಲಿ ಹೇಗಿರುತ್ತದೆ ಎಂದು ತಿಳಿಯಲು ಒಂದು ಪ್ರಕರಣ ತೆಗೆದುಕೊಳ್ಳಿ. ಹದಿನೈದರ ಹುಡುಗಿಗೆ ನಾಡಿದ್ದು ಮದುವೆ ಎಂದು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಬರುತ್ತದೆ. ಮೊದಲ ಕೆಲಸ ವಯಸ್ಸಿನ ದಾಖಲೆ. ಬಾಲನ್ಯಾಯ ಕಾಯ್ದೆ 2015ರ 94ನೇ ಸೆಕ್ಷನ್ ಪ್ರಕಾರ ಶಾಲೆಯ ಜನ್ಮ ದಿನಾಂಕ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೊದಲು, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಮನೆಯವರು ತೋರಿಸುವ ಆಧಾರ್ ಕಾರ್ಡಿನ ಮುಂದೆ ಹೊಸಬರು ಮುಗ್ಗರಿಸುವುದು ಇಲ್ಲೇ, ಈ ಪಟ್ಟಿಯಲ್ಲಿ ಆಧಾರ್ ಇಲ್ಲ. ಬಾಲ್ಯವಿವಾಹ ನಿಷೇಧಾಧಿಕಾರಿಗೆ ಹೇಳಿ ಮದುವೆ ನಿಲ್ಲಿಸಬೇಕು, ಮನೆಯವರು ಮಣಿಯದಿದ್ದರೆ 2006ರ ಕಾಯ್ದೆಯ 13ನೇ ಸೆಕ್ಷನ್‌ನಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಿಸಬೇಕು. ಹುಡುಗಿಯನ್ನು ಮನೆಯಿಂದ ಕರೆತಂದರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಕೇಳುವ ಸಾಮಾಜಿಕ ತನಿಖಾ ವರದಿಯನ್ನು 15 ದಿನದೊಳಗೆ ಕೊಡಬೇಕು. ಮನೆಯ ಸಾಲ ಎಷ್ಟು, ಹಿರಿಯ ಅಕ್ಕನ ಮದುವೆ ಯಾವ ವಯಸ್ಸಿನಲ್ಲಾಯಿತು, ಹೈಸ್ಕೂಲಿಗೆ ಬಸ್ಸು ಇದೆಯೇ, ಹಾಸ್ಟೆಲ್ ಸೀಟು ಸಿಕ್ಕರೆ ಹುಡುಗಿ ಓದುತ್ತಾಳೆಯೇ, ಇವೆಲ್ಲ ಅದರಲ್ಲಿರಬೇಕು. ಮದುವೆ ನಿಲ್ಲಿಸಿದ ಫೋಟೊ ಪತ್ರಿಕೆಗೆ ಹೋಗುತ್ತದೆ. ಆದರೆ ಮೂರು ತಿಂಗಳ ಮೇಲೆ ಪಕ್ಕದ ತಾಲ್ಲೂಕಿನ ದೇವಸ್ಥಾನದಲ್ಲಿ ಗುಟ್ಟಾಗಿ ತಾಳಿ ಕಟ್ಟಿಸಿದರೇ ಎಂದು ಹೋಗಿ ನೋಡುವವರು ಸಮಾಜ ಕಾರ್ಯಕರ್ತರು. ವರದಿ ಸಡಿಲವಾಗಿದ್ದರೆ ಸಮಿತಿ ಹುಡುಗಿಯನ್ನು ಅದೇ ಮನೆಗೆ ಕಳಿಸುತ್ತದೆ, ಅವಳನ್ನು ನೋಡಲು ಆಮೇಲೆ ಯಾರೂ ಹೋಗುವುದಿಲ್ಲ.

ಈ ಪ್ರಕರಣವನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಇದನ್ನು ಮಾಡಲು ಬೇಕಾದುದು ಯಾವ ಪಠ್ಯಪುಸ್ತಕದಿಂದಲೂ ಬರುವುದಿಲ್ಲ, ಫೀಲ್ಡ್‌ವರ್ಕ್‌ನಿಂದ ಬರುತ್ತದೆ. ಎಂಎಸ್‌ಡಬ್ಲ್ಯೂನಲ್ಲಿ ಸಾಮಾನ್ಯವಾಗಿ ವಾರಕ್ಕೆ ಎರಡು ದಿನ, ಸುಮಾರು 15 ಗಂಟೆ ಫೀಲ್ಡ್‌ವರ್ಕ್, ಒಂದು ಗ್ರಾಮ ಶಿಬಿರ, ಕೊನೆಗೆ ಒಂದು ಸಂಸ್ಥೆಯಲ್ಲಿ ತಿಂಗಳಿಡೀ ದುಡಿಯುವ ಬ್ಲಾಕ್ ಪ್ಲೇಸ್‌ಮೆಂಟ್. ಕಾಲೇಜುಗಳ ನಡುವಿನ ವ್ಯತ್ಯಾಸ ಎದ್ದು ಕಾಣುವುದು ಇಲ್ಲಿ. ಕೆಟ್ಟ ಕಡೆ ಏನಾಗುತ್ತದೆಂದರೆ, ವಿದ್ಯಾರ್ಥಿಗಳು ಸಂಸ್ಥೆಯ ಕಚೇರಿಯಲ್ಲಿ ಕೂತು ಡೇಟಾ ಎಂಟ್ರಿ ಮಾಡಿ, ಹಾಜರಿ ಸಹಿ ಹಾಕಿಸಿಕೊಂಡು, ಹಿಂದಿನ ಬ್ಯಾಚಿನ ರಿಪೋರ್ಟ್ ನಕಲು ಮಾಡಿ ಕೊಡುತ್ತಾರೆ. ಎರಡು ವರ್ಷ ಮುಗಿದರೂ ಒಬ್ಬ ಕ್ಲೈಂಟ್ ಜೊತೆ ನಾಲ್ಕು ಸಲ ಕೂತು ಮಾತಾಡಿರುವುದಿಲ್ಲ. ಸಂದರ್ಶನದಲ್ಲಿ ‘ನೀವು ಮಾಡಿದ ಒಂದು ಕೇಸ್ ಹೇಳಿ’ ಎಂದರೆ ಇಂಥವರು ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತಾರೆ.

ಆದ್ದರಿಂದ ಕಾಲೇಜು ಆರಿಸುವಾಗ ಕಟ್ಟಡ, ಹೆಸರು ನೋಡುವುದಕ್ಕಿಂತ ಎರಡನೇ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಹಿಡಿದು ಮಾತಾಡಿಸಿ. ಈ ವರ್ಷ ಯಾವ ಯಾವ ಸಂಸ್ಥೆಗೆ ಹಾಕಿದ್ದಾರೆ? ಒಬ್ಬ ಅಧ್ಯಾಪಕರ ಕೈಕೆಳಗೆ ಎಷ್ಟು ಜನ? ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ರಿಪೋರ್ಟ್ ಚರ್ಚೆ ಮಾಡುತ್ತಾರೆಯೇ, ಅಥವಾ ಸೆಮಿಸ್ಟರ್ ಕೊನೆಯಲ್ಲಿ ಒಟ್ಟಿಗೆ ಸಹಿಯೇ? ನಿಮಗೆ ಬೇಕಾದ ಸ್ಪೆಶಲೈಸೇಶನ್‌ಗೆ ಕಾಯಂ ಅಧ್ಯಾಪಕರು ಇದ್ದಾರೆಯೇ? ಕೈಪಿಡಿಯಲ್ಲಿ ನಾಲ್ಕು ಸ್ಪೆಶಲೈಸೇಶನ್ ಅಚ್ಚು ಮಾಡಿ, ಕೊನೆಗೆ ಎಲ್ಲರನ್ನೂ ಎಚ್‌ಆರ್‌ಗೆ ತಳ್ಳುವ ಕಾಲೇಜುಗಳೂ ಇವೆ. ನಿಮಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬಳ್ಳಾರಿ, ಕಲಬುರಗಿ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ ಕೈಗೆಟಕುವ ದೂರದಲ್ಲಿವೆ. ಮಂಗಳೂರಿನ ರೋಶನಿ ನಿಲಯ 1960ರಿಂದ ಇದೇ ವಿಷಯ ಕಲಿಸುತ್ತಿದೆ, ಆದರೆ ಶುಲ್ಕ ಮತ್ತು ಊಟ-ವಸತಿಯ ಲೆಕ್ಕ ಹಾಕಿಯೇ ಹೆಜ್ಜೆ ಇಡಿ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗೆ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು, ಪಾಠ ಪೂರ್ತಿ ಇಂಗ್ಲಿಷ್. ನಿಮ್ಮ ಸ್ಥಿತಿಯಲ್ಲಿ ಮೂರು-ನಾಲ್ಕು ಲಕ್ಷ ಸಾಲ ಮಾಡಿ ಖಾಸಗಿ ಸೀಟು ತೆಗೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. 18 ಸಾವಿರದ ಸಂಬಳದಲ್ಲಿ ಆ ಕಂತು ಕಟ್ಟಿ ತಮ್ಮನ ಓದೂ ನಡೆಸಲಾಗದು. ವಿಶ್ವವಿದ್ಯಾಲಯದ ಸೀಟು, ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನ, ಸರ್ಕಾರಿ ಹಾಸ್ಟೆಲ್, ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯ ಊಟ-ವಸತಿ ಸಹಾಯಧನ: ಇಷ್ಟರೊಳಗೆ ಮುಗಿಯುವಂತೆ ನೋಡಿಕೊಳ್ಳಿ. ದೂರಶಿಕ್ಷಣದ ಎಂಎಸ್‌ಡಬ್ಲ್ಯೂ ಅಗ್ಗ, ಆದರೆ ಫೀಲ್ಡ್‌ವರ್ಕ್‌ಗೆ ಸಂಸ್ಥೆಯನ್ನು ನೀವೇ ಹುಡುಕಿಕೊಳ್ಳಬೇಕು. ಈಗಾಗಲೇ ಸಂಸ್ಥೆಯಲ್ಲಿ ಕೆಲಸದಲ್ಲಿರುವವರಿಗೆ ಅದು ಸರಿ, ನಿಮಗಲ್ಲ.

ಇಂಗ್ಲಿಷ್ ಬಗ್ಗೆ: ಹಳ್ಳಿಯಲ್ಲಿ ಕೆಲಸ ನಡೆಯುವುದು ಕನ್ನಡದಲ್ಲಿ, ನಿಮ್ಮ ಕಡೆಯ ಮಾತು ಅಲ್ಲಿ ಬಂಡವಾಳ. ಬಡ್ತಿ ನಿಲ್ಲುವುದು ಮಾತ್ರ ಇಂಗ್ಲಿಷ್‌ನಿಂದ. ಕ್ಷೇತ್ರ ಕಾರ್ಯಕರ್ತೆಯಿಂದ ಪ್ರಾಜೆಕ್ಟ್ ಕೋಆರ್ಡಿನೇಟರ್ ಆಗಬೇಕಾದರೆ ಹಣ ಕೊಡುವವರಿಗೆ ತ್ರೈಮಾಸಿಕ ವರದಿ, ಬಜೆಟ್, ಪ್ರಪೋಸಲ್ ಬರೆಯಬೇಕು. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಸುರಿಯಬೇಡಿ. ವಾರಕ್ಕೊಂದು ಫೀಲ್ಡ್‌ವರ್ಕ್ ರಿಪೋರ್ಟನ್ನು ಒಂದು ಪುಟ ಇಂಗ್ಲಿಷ್‌ನಲ್ಲಿ ಬರೆದು ಅಧ್ಯಾಪಕರಿಂದ ತಿದ್ದಿಸಿಕೊಳ್ಳಿ, ಎರಡು ವರ್ಷಕ್ಕೆ ಎಪ್ಪತ್ತು-ಎಂಬತ್ತು ಪುಟವಾಗುತ್ತದೆ. ಜೊತೆಗೆ ಎಕ್ಸೆಲ್ ಮತ್ತು ಮೊಬೈಲ್‌ನಲ್ಲಿ ಸಮೀಕ್ಷೆ ಮಾಡುವ ಕೋಬೊದಂಥ ಆ್ಯಪ್ ಕಲಿತಿರಿ.

ಸುರಕ್ಷತೆಯ ಪ್ರಶ್ನೆಗೆ ‘ಏನೂ ಆಗಲ್ಲ’ ಎಂದು ಹೇಳುವವರನ್ನು ನಂಬಬೇಡಿ. ಕುಡಿದ ಗಂಡನ ಮನೆಗೆ, ಮದುವೆ ನಿಲ್ಲಿಸಿದ ಓಣಿಗೆ ಒಬ್ಬರೇ ಹೋಗುವುದು ಅಪಾಯವೇ. ಒಳ್ಳೆಯ ಸಂಸ್ಥೆಯಲ್ಲಿ ಹೊರಹೋಗುವಾಗ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಎಂದು ರಿಜಿಸ್ಟರ್‌ನಲ್ಲಿ ಬರೆಯಿಸುತ್ತಾರೆ, ತಂಟೆಯ ಮನೆಗೆ ಇಬ್ಬರನ್ನು ಕಳಿಸುತ್ತಾರೆ, ಕತ್ತಲಾದ ಮೇಲೆ ಭೇಟಿ ಇಟ್ಟುಕೊಳ್ಳುವುದಿಲ್ಲ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯನ್ನು ಮುಂದಿಟ್ಟುಕೊಂಡು ಹೋದರೆ ಅರ್ಧ ಗಂಡಾಂತರ ಅಲ್ಲೇ ಕಳೆಯುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಸೇರುವಾಗ ಸಮಿತಿಯ ಸದಸ್ಯರ ಹೆಸರು ಕೇಳಿ. ಸಮಾಜಕ್ಕಾಗಿ ದುಡಿಯುವ ಸಂಸ್ಥೆಯಲ್ಲೂ ಇದು ಬೇಕೇ ಎಂದು ಯಾರಾದರೂ ನಕ್ಕರೆ, ಬೇಕೇ ಬೇಕು.

ಹಾಗಾದರೆ ನಿಮಗೆ ಯಾವುದು? ನನ್ನ ಅಭಿಪ್ರಾಯ ಇದು: ವಿಶ್ವವಿದ್ಯಾಲಯದ ಎಂಎಸ್‌ಡಬ್ಲ್ಯೂ, ಮೆಡಿಕಲ್ ಮತ್ತು ಸೈಕಿಯಾಟ್ರಿಕ್ ಅಥವಾ ಕುಟುಂಬ ಮತ್ತು ಮಕ್ಕಳ ಕಲ್ಯಾಣ, ಎರಡರಲ್ಲಿ ಅಲ್ಲಿ ಅಧ್ಯಾಪಕರು ಗಟ್ಟಿ ಇರುವುದು. ಓದುತ್ತಿರುವಾಗಲೇ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ಯುಜಿಸಿ-ನೆಟ್ ಮತ್ತು ಕೆ-ಸೆಟ್ ಬರೆಯಿರಿ. ಸಮಾಜ ಕಾರ್ಯ ನೆಟ್‌ನಲ್ಲಿ ಪ್ರತ್ಯೇಕ ವಿಷಯ, ಅದರಲ್ಲೇ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಬಂದು ಪಿಎಚ್‌.ಡಿ.ಗೆ ಸೇರಿದರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಅಂಗನವಾಡಿ ಮೇಲ್ವಿಚಾರಕಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿಯಂಥ (ಸಿಡಿಪಿಒ) ಕಾಯಂ ಹುದ್ದೆಗಳ ಅಧಿಸೂಚನೆ ಬಂದಾಗ ನೇಮಕಾತಿ ನಿಯಮದಲ್ಲಿ ನಿಮ್ಮ ಪದವಿಯ ಹೆಸರು ಇದೆಯೇ ಎಂದು ಓದಿ. ಉಪವಿಭಾಗಾಧಿಕಾರಿ ಕಚೇರಿಯಿಂದ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ, ಪ್ರವೇಶಕ್ಕೂ ಕಾಯಂ ನೇಮಕಾತಿಗೂ ಅದು ನಿಮ್ಮ ದೊಡ್ಡ ಅನುಕೂಲ. ಮನೆಯ ಪರಿಸ್ಥಿತಿ ಎರಡು ವರ್ಷವೂ ತಾಳದಿದ್ದರೆ, ಮೊದಲು ಒಂದು ವರ್ಷ ಜಿಲ್ಲೆಯಲ್ಲೇ ಯಾವುದಾದರೂ ಸಂಸ್ಥೆಯಲ್ಲಿ ಕ್ಷೇತ್ರ ಕಾರ್ಯಕರ್ತೆಯಾಗಿ ದುಡಿದು ಆಮೇಲೆ ಸೇರಬಹುದು. ಕೈಗೆ ಬರುವುದು ಹತ್ತು-ಹನ್ನೆರಡು ಸಾವಿರವೇ ಆದರೂ, ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂಬುದು ಶುಲ್ಕ ಕಟ್ಟುವ ಮೊದಲೇ ತಿಳಿಯುತ್ತದೆ. ಆ ಒಂದು ವರ್ಷ ಎರಡಾಗಿ, ಮದುವೆಯ ಮಾತು ಬಂದು ಓದು ನಿಂತುಹೋಗುವುದು ಈ ದಾರಿಯ ಅಪಾಯ. ನಿಮ್ಮ ಮನೆಯನ್ನು ಬಲ್ಲವರು ನೀವೇ.

ಕೊನೆಯ ಪ್ರಶ್ನೆ, ಎರಡಕ್ಕೂ ಅರ್ಜಿ. ಹಾಕಿ. ಆದರೆ ಎರಡನ್ನೂ ಒಟ್ಟಿಗೆ ಓದುವ ಯೋಚನೆ ಬೇಡ. ಬಿ.ಎಡ್‌ನ ಶಾಲಾ ಇಂಟರ್ನ್‌ಶಿಪ್ಪೂ ಎಂಎಸ್‌ಡಬ್ಲ್ಯೂನ ಫೀಲ್ಡ್‌ವರ್ಕೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಯಾವ ಕಾಲೇಜಿಗೂ ಮೂಲ ಅಂಕಪಟ್ಟಿ, ಟಿಸಿ ಕೊಟ್ಟು ಬರುವ ಮೊದಲು, ಸೀಟು ಬಿಟ್ಟರೆ ದಾಖಲೆ ಮತ್ತು ಶುಲ್ಕ ವಾಪಸ್ ಯಾವ ದಿನಾಂಕದವರೆಗೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ಎಂಎಸ್‌ಡಬ್ಲ್ಯೂ ಪಟ್ಟಿ ತಡವಾಗಿ ಬಂದು, ಅಷ್ಟರಲ್ಲಿ ದಾಖಲೆಗಳು ಬೇರೆ ಕಾಲೇಜಿನ ಬೀರುವಿನಲ್ಲಿ ಸಿಕ್ಕಿಹಾಕಿಕೊಂಡು ಸೀಟು ಕಳೆದುಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ. ದೃಢೀಕರಿಸಿದ ನಕಲು ಐದು ಸೆಟ್ ಮಾಡಿಸಿ, ಮೂಲ ಪ್ರತಿಗಳನ್ನು ಸ್ಕ್ಯಾನ್ ಮಾಡಿ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.